ದಪ್ಪ ವೈರ್, ಸಣ್ಣ ಪಿನ್: ಎಳೆ ಕತ್ತರಿಸಿ ತೂರಿಸಬಹುದೇ?

ಪ್ರಶ್ನೆ: ನಮ್ಮದು ಕಲಬುರಗಿ, ವಿಮಾನ ನಿರ್ವಹಣೆ ಕಲಿಯುತ್ತಿದ್ದೇನೆ. ತರಬೇತಿ ವಿಮಾನದ ರೇಡಿಯೊಗೆ ಬರುವ ಪವರ್ ವೈರ್ 18 ಗೇಜ್ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). ರೇಡಿಯೊ ಹಿಂದಿನ ಕನೆಕ್ಟರ್ ಹೈ ಡೆನ್ಸಿಟಿ ಡಿ-ಸಬ್ (ಪಿನ್‌ಗಳು ಒತ್ತೊತ್ತಾಗಿರುವ ಬಗೆ), ಅದರ ಪಿನ್ 22 ಗೇಜ್‌ಗಿಂತ ದಪ್ಪ ವೈರ್ ಹಿಡಿಯುವುದಿಲ್ಲ. ಬೈಕ್, ಟ್ರ್ಯಾಕ್ಟರ್ ವೈರಿಂಗ್‌ನಲ್ಲಿ ನಾಲ್ಕೈದು ಎಳೆ ಕತ್ತರಿಸಿ ತೂರಿಸಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ ತಪ್ಪೇನು?

ಉತ್ತರ: ಮಾಡಲೇಬಾರದು. ಮೊದಲು ಎಳೆ ಲೆಕ್ಕ ಹಾಕಿ. ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವ ಎಂ22759/16 ಟೆಫ್ಜೆಲ್ ಹೊದಿಕೆಯ ವೈರ್‌ನಲ್ಲಿ 18 ಗೇಜ್ ಆದರೂ 22 ಗೇಜ್ ಆದರೂ ಎಳೆಗಳ ಸಂಖ್ಯೆ ಒಂದೇ, 19. ವ್ಯತ್ಯಾಸ ಇರುವುದು ಎಳೆಯ ದಪ್ಪದಲ್ಲಿ. 18 ಗೇಜ್‌ನ ತಾಮ್ರ 22 ಗೇಜ್‌ನ ಬ್ಯಾರಲ್‌ನಲ್ಲಿ (ಪಿನ್ನಿನಲ್ಲಿ ವೈರ್ ತೂರಿಸುವ ಕೊಳವೆ) ಕೂರಬೇಕೆಂದರೆ ನಾಲ್ಕೈದು ಎಳೆ ತೆಗೆದರೆ ಸಾಲದು, ಸುಮಾರು 11 ತೆಗೆಯಬೇಕು. ಅರ್ಧಕ್ಕಿಂತ ಹೆಚ್ಚು ವೈರ್ ಹೋಯಿತು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೊರಡಿಸಿದ ಎಸಿ 43.13-1ಬಿ ಕೈಪಿಡಿಯ 11ನೇ ಅಧ್ಯಾಯದ ಪ್ರಕಾರ 19 ಎಳೆಯ ತಾಮ್ರದ ವೈರ್‌ನಲ್ಲಿ ಗೀರು ಬಿದ್ದ ಎಳೆ ಎರಡರವರೆಗೆ ಇರಬಹುದು, ತುಂಡಾದ ಎಳೆ ಒಂದೂ ಇರಕೂಡದು.

ಈ ಬಿಗಿ ನಿಯಮಕ್ಕೆ ಕಾರಣ ಕ್ರಿಂಪ್ (ಬ್ಯಾರಲನ್ನು ಒತ್ತಿ ವೈರ್ ಮೇಲೆ ಬಿಗಿಯುವುದು) ಕೆಲಸ ಮಾಡುವ ಬಗೆ. ಕ್ರಿಂಪ್ ಟೂಲ್ ನಾಲ್ಕು ಕಡೆಯಿಂದ ಒತ್ತಿದಾಗ ಎಳೆಗಳು ಒಂದಕ್ಕೊಂದು ಅಮುಕಿಕೊಂಡು ಗಾಳಿ ಹೋಗಲೂ ಸಂದಿಲ್ಲದಂತೆ ಗಟ್ಟಿಯಾಗಬೇಕು. ಕೈಯಂದಾಜಿನಲ್ಲಿ ಕತ್ತರಿಸಿದ ಕಟ್ಟು ಒಂದು ಕಡೆ ದಪ್ಪ, ಇನ್ನೊಂದು ಕಡೆ ಪೊಳ್ಳು. ಜೊತೆಗೆ, ಎಳೆ ತುಂಡಾದ ಜಾಗದಲ್ಲೇ ವೈರ್ ದಿಢೀರನೆ ತೆಳುವಾಗುವುದರಿಂದ ಎಂಜಿನ್ ನಡುಕವೆಲ್ಲ ಅಲ್ಲಿಗೇ ಬಂದು ಬಡಿಯುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಶ್ರೀನಿವಾಸ ಸರಡಗಿ ವಿಮಾನ ನಿಲ್ದಾಣದಲ್ಲಿ ಬಿಸಿಲಿಗೆ ನಿಂತ ವಿಮಾನದ ಪ್ಯಾನೆಲ್ ಹಿಂಭಾಗ ಹೊರಗಿನ 42-43 ಡಿಗ್ರಿಗಿಂತ ಬಿಸಿಯಾಗಿರುತ್ತದೆ. ಟೆಫ್ಜೆಲ್ 150 ಡಿಗ್ರಿವರೆಗೆ ತಡೆಯುತ್ತದೆ, ಅದರ ಚಿಂತೆ ಬೇಡ. ಸಡಿಲ ಕ್ರಿಂಪ್ ಮಾತ್ರ ಹಗಲಿನ ಕಾವು, ರಾತ್ರಿಯ ತಂಪಿಗೆ ಹಿಗ್ಗಿ ಕುಗ್ಗಿ ಇನ್ನಷ್ಟು ಸಡಿಲವಾಗುತ್ತದೆ. ದೋಷವೂ ಒಂದೇ ಥರ ಕಾಣುವುದಿಲ್ಲ: ರೇಡಿಯೊ ಕೇಳುವಾಗ ಸರಿ, ಮಾತಾಡಲು ಬಟನ್ ಒತ್ತಿದೊಡನೆ ಆಫ್. ಇಂಥದನ್ನು ಹುಡುಕಿ ಹಿಡಿಯುವುದು ಬಹಳ ಕಷ್ಟ.

ಇನ್ನು, 18 ಗೇಜ್ ಯಾಕೆ ಹಾಕಿದ್ದಾರೆ ಎಂಬುದು ಗೊತ್ತಾದರೆ ಪರಿಹಾರ ತಾನೇ ಹೊಳೆಯುತ್ತದೆ. ದಪ್ಪ ಬೇಕಿರುವುದು ಉದ್ದಕ್ಕಾಗಿ, ಪಿನ್‌ಗಾಗಿ ಅಲ್ಲ. 22 ಗೇಜ್ ವೈರ್‌ನ ರೋಧ ಮೀಟರಿಗೆ ಸುಮಾರು 53 ಮಿಲಿಓಮ್, 18 ಗೇಜ್‌ನದು ಸುಮಾರು 20. ಬ್ರೇಕರ್‌ನಿಂದ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ರೇಡಿಯೊಗೆ 3 ಮೀಟರ್, ಕರೆಂಟ್ 5 ಆಂಪಿಯರ್ ಎಂದುಕೊಳ್ಳಿ. 22 ಗೇಜ್‌ನಲ್ಲಿ 0.8 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 18ರಲ್ಲಿ 0.3. 14 ವೋಲ್ಟ್ ವಿಮಾನದಲ್ಲಿ ನಿರಂತರ ಲೋಡ್‌ಗೆ ಬಿಡುವ ಮಿತಿ 0.5 ವೋಲ್ಟ್, ಆಗಾಗ ಬರುವ ಲೋಡ್‌ಗೆ 1 ವೋಲ್ಟ್. 28 ವೋಲ್ಟ್ ವಿಮಾನದಲ್ಲಿ ಈ ಮಿತಿ ಎರಡು ಪಟ್ಟು. ಈಗ ಕೊನೆಯ 10 ಸೆಂಟಿಮೀಟರ್ ಮಾತ್ರ 22 ಗೇಜ್ ಮಾಡಿ ನೋಡಿ: ಹೆಚ್ಚಿಗೆ ಹೋಗುವುದು 0.03 ವೋಲ್ಟ್‌ಗೂ ಕಡಿಮೆ. ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಸರಿಯಾದ ದಾರಿ, ಕನೆಕ್ಟರ್ ಹತ್ತಿರ ಗಿಡ್ಡ 22 ಗೇಜ್ ಬಾಲ ಕೊಟ್ಟು 18 ಗೇಜ್‌ಗೆ ಸ್ಪ್ಲೈಸ್ ಮಾಡುವುದು, ಅಂದರೆ ಪುಟ್ಟ ಲೋಹದ ಕೊಳವೆಯಲ್ಲಿ ಎರಡನ್ನೂ ಒತ್ತಿ ಜೋಡಿಸುವುದು. ಕನೆಕ್ಟರ್‌ನಿಂದ 12 ಇಂಚಿನೊಳಗೆ ಸ್ಪ್ಲೈಸ್ ಬೇಡ ಎಂದು ಕಲಿತಿರುತ್ತೀರಿ. ಆದರೆ ಪಿನ್ ಬ್ಯಾರಲ್‌ಗೆ ಹೊಂದುವಂತೆ ವೈರ್ ಗಾತ್ರ ಬದಲಿಸಲು ಅದೇ 11ನೇ ಅಧ್ಯಾಯ ವಿನಾಯಿತಿ ಕೊಟ್ಟಿದೆ.

ಬಳಸಬೇಕಾದದ್ದು ಎಂ81824/1 ಸರಣಿಯ ಸೀಲ್ ಆಗುವ ಸ್ಪ್ಲೈಸ್. ಕೆಂಪು 26ರಿಂದ 20 ಗೇಜ್‌ಗೆ, ನೀಲಿ 20ರಿಂದ 16ಕ್ಕೆ, ಹಳದಿ 16ರಿಂದ 12ಕ್ಕೆ. ಎಡವುವುದು ಇಲ್ಲೇ. 18 ಗೇಜ್‌ಗೆಂದು ನೀಲಿ ತೆಗೆದುಕೊಂಡು ಇನ್ನೊಂದು ಕಡೆಗೆ ಒಂದೇ ಒಂದು 22 ಹಾಕಿದರೆ ಅದು ಬ್ಯಾರಲ್‌ನಲ್ಲಿ ಅಲ್ಲಾಡುತ್ತದೆ, ಒತ್ತಿದರೂ ಹಿಡಿಯುವುದಿಲ್ಲ. ಎರಡು 22 ಸೇರಿಸಿದರೆ ತಾಮ್ರ 20 ಗೇಜ್‌ಗಿಂತ ಹೆಚ್ಚಾಗಿ ನೀಲಿಯ ಅಳತೆಯೊಳಗೆ ಬರುತ್ತದೆ. ಪವರ್‌ಗೆ ಎರಡು ಮೂರು ಪಿನ್ ಬಿಟ್ಟಿರುವ ಉಪಕರಣಗಳು ಬಹಳ, ಹಾಗಾಗಿ ಒಂದು 18ರಿಂದ ಎರಡು 22 ಹೊರಟು ಎರಡು ಪಿನ್‌ಗೆ ಹೋಗುವುದೇ ಅಚ್ಚುಕಟ್ಟು. ನಿಮ್ಮ ವೈರ್ 20 ಗೇಜ್ ಆಗಿದ್ದರೆ ಕೆಂಪು ಸ್ಪ್ಲೈಸ್ ಎರಡೂ ಕಡೆಗೆ ಹೊಂದುತ್ತದೆ.

ಸ್ಪ್ಲೈಸ್ ಮುಚ್ಚುವ ಪಾರದರ್ಶಕ ಸ್ಲೀವನ್ನು (ಹೊದಿಕೆ ಕೊಳವೆ) ಕ್ರಿಂಪ್ ಮಾಡುವ ಮುಂಚೆಯೇ ವೈರ್‌ಗೆ ಏರಿಸಿ, ಆಮೇಲೆ ಏರದು. ಒತ್ತಲು ಎಂ22520/37-01 ಟೂಲ್. ಹೀಟ್ ಗನ್‌ನಿಂದ ಸ್ಲೀವ್ ಕುಗ್ಗಿಸುವಾಗ ತುದಿಯ ಉಂಗುರಗಳು ಕರಗಿ ಹರಿಯುವವರೆಗೂ ಕಾಯಬೇಕು. ಎರಡು ವೈರ್ ಇರುವ ಕಡೆ ಅವುಗಳ ನಡುವಿನ ಸಂದಿಯೂ ತುಂಬಿರಬೇಕು. ನಮ್ಮ ಎರೆ ಮಣ್ಣಿನ ಸಣ್ಣ ಧೂಳು, ಮಳೆಗಾಲದ ತೇವ ಎರಡೂ ನುಗ್ಗುವುದು ಆ ಸಂದಿಯಿಂದಲೇ. ಒಂದೇ ಕಟ್ಟಿನಲ್ಲಿ ಹಲವು ಸ್ಪ್ಲೈಸ್ ಇದ್ದರೆ ಹಿಂದೆ ಮುಂದೆ ಇಡಿ, ಒಂದೇ ಜಾಗದಲ್ಲಿ ಗಂಟು ಬೀಳಬಾರದು.

ಬ್ರೇಕರ್ ಮರೆಯಬೇಡಿ. 22 ಗೇಜ್‌ಗೆ 5 ಆಂಪಿಯರ್, 20ಕ್ಕೆ 7.5, 18ಕ್ಕೆ 10 ಎಂಬುದು ಅದೇ ಕೈಪಿಡಿಯ ಕೋಷ್ಟಕ. ಈ ಕನೆಕ್ಟರ್‌ನ 22ಡಿ ಗಾತ್ರದ ಪಿನ್‌ನ ಮಿತಿಯೂ 5 ಆಂಪಿಯರ್. 10 ಆಂಪಿಯರ್ ಬ್ರೇಕರ್ ಹಿಂದೆ ಒಂಟಿ 22 ಗೇಜ್ ಬಾಲ ಇಟ್ಟರೆ, ಶಾರ್ಟ್ ಆದಾಗ ಬ್ರೇಕರ್‌ಗಿಂತ ಮೊದಲು ಬಾಲ ಸುಡಬಹುದು. ಎಷ್ಟು ಪಿನ್, ಯಾವ ಬ್ರೇಕರ್ ಎಂಬುದನ್ನು ಉಪಕರಣದ ಇನ್‌ಸ್ಟಲೇಶನ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ. ಗ್ರೌಂಡ್ ವೈರ್‌ಗೂ ಇದೇ ಲೆಕ್ಕ.

ದೊಡ್ಡ ಬ್ಯಾರಲ್‌ನ ವಿಶೇಷ ಪಿನ್‌ಗಳೂ ಸಿಗುತ್ತವೆ. ಮ್ಯಾನ್ಯುಯಲ್ ಹೆಸರಿಸಿದ್ದರೆ ಮಾತ್ರ ತೆಗೆದುಕೊಳ್ಳಿ. ಹೈ ಡೆನ್ಸಿಟಿ ಕನೆಕ್ಟರ್‌ನಲ್ಲಿ ಪಕ್ಕದ ಪಿನ್ ಇರುವುದು 2.29 ಮಿಲಿಮೀಟರ್ ದೂರದಲ್ಲಿ. ಇನ್ಸುಲೇಶನ್ ಸೇರಿ 18 ಗೇಜ್ ಸುಮಾರು 1.8 ಮಿಲಿಮೀಟರ್ ದಪ್ಪ. ತಾಮ್ರ ಹೊಕ್ಕರೂ ಪಿನ್ ತೆಗೆಯುವ ಉಪಕರಣ ಹೊಗಲು ಜಾಗ ಉಳಿಯುವುದಿಲ್ಲ.

ಬಾಲಕ್ಕೆ ಪಿನ್ ಹಾಕುವಾಗ: ಪಿನ್ ಎಂ39029/58-360 ಆದರೆ ಎಂ22520/2-01 ಟೂಲ್‌ಗೆ ಕೆ42 ಪೊಸಿಷನರ್ (ಪಿನ್ನನ್ನು ಟೂಲ್‌ನಲ್ಲಿ ಸರಿಯಾದ ಜಾಗದಲ್ಲಿ ಹಿಡಿಯುವ ಭಾಗ). ಎಷ್ಟು ಆಳ ಒತ್ತಬೇಕೆಂದು ಟೂಲ್‌ನಲ್ಲಿ ಹೊಂದಿಸುವ ಸೆಲೆಕ್ಟರ್ ಸಂಖ್ಯೆ ಪೊಸಿಷನರ್ ಮೇಲಿನ ಫಲಕದಲ್ಲೇ ಇರುತ್ತದೆ. ಕ್ರಿಂಪ್ ಆದ ಮೇಲೆ ಪಿನ್ನಿನ ಪುಟ್ಟ ರಂಧ್ರದಲ್ಲಿ ತಾಮ್ರ ಕಾಣಬೇಕು, ಇನ್ಸುಲೇಶನ್‌ಗೂ ಬ್ಯಾರಲ್‌ಗೂ ನಡುವೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಂತರ ಇರಬೇಕು. ಕೆಲಸಕ್ಕೆ ಮುಂಚೆ ಅದೇ ವೈರ್, ಅದೇ ಪಿನ್‌ನ ಒಂದು ಮಾದರಿ ಮಾಡಿ ಎಳೆದು ನೋಡಿ: 22 ಗೇಜ್ ಕ್ರಿಂಪ್ 12 ಪೌಂಡ್, ಅಂದರೆ ಸುಮಾರು 5.4 ಕಿಲೋ ತಡೆಯಬೇಕು. ಅದಕ್ಕೂ ಮೊದಲೇ ಜಾರಿ ಬಂದರೆ ಟೂಲನ್ನು ಗೋ/ನೋ-ಗೋ ಗೇಜ್‌ನಿಂದ (ಒತ್ತುವ ಅಳತೆ ಸರಿಯಿದೆಯೇ ಎಂದು ನೋಡುವ ಅಳತೆ ಕಡ್ಡಿ) ಪರೀಕ್ಷಿಸುವವರೆಗೆ ವಿಮಾನದ ವೈರ್ ಮುಟ್ಟಬೇಡಿ.