ದವಡೆ ಕೀಲಿನ ನೋವು, ಬಿಗಿತಕ್ಕೆ ಫಿಸಿಯೋಥೆರಪಿಯಲ್ಲಿ ಏನು ಮಾಡುತ್ತಾರೆ?

ಓದುಗರ ಪ್ರಶ್ನೆ: ಮೂರು ನಾಲ್ಕು ತಿಂಗಳಿಂದ ಬಲಗಿವಿಯ ಮುಂದೆ ನೋವಿದೆ. ಆಕಳಿಸಿದರೆ ಟಕ್ ಎನ್ನುತ್ತದೆ. ಬೆಳಿಗ್ಗೆ ಏಳುವಾಗ ಬಾಯಿ ಬಿಗಿಯಾಗಿರುತ್ತದೆ, ದೊಡ್ಡ ತುತ್ತು ಇಡಲು ಆಗುವುದಿಲ್ಲ. ಎಕ್ಸ್‌ರೇ ತೆಗೆಸಿದ ದಂತವೈದ್ಯರು ಹಲ್ಲಿನಲ್ಲಿ ಏನೂ ತೊಂದರೆಯಿಲ್ಲ, ಫಿಸಿಯೋಥೆರಪಿ ಮಾಡಿಸಿ ಎಂದರು. ಮೊಣಕಾಲಿಗೆ, ಸೊಂಟಕ್ಕೆ ಫಿಸಿಯೋ ಮಾಡುವುದು ಗೊತ್ತು. ದವಡೆಗೂ ಇದೆಯೇ? ಅಲ್ಲಿ ಏನು ಮಾಡುತ್ತಾರೆ?

ಇದೆ. ನಿಮ್ಮ ದಂತವೈದ್ಯರು ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. ಹಲ್ಲು ನೋವೆಂದುಕೊಂಡು ಒಂದೆರಡು ದವಡೆಹಲ್ಲು ಕೀಳಿಸಿ, ಕಿವಿ ನೋವೆಂದು ಕಿವಿಗೆ ಹನಿ ಹಾಕಿಸಿ, ಕೊನೆಗೆ ನಮ್ಮ ಹತ್ತಿರ ಬರುವವರೂ ಇದ್ದಾರೆ.

ಎರಡೂ ತೋರುಬೆರಳನ್ನು ಕಿವಿಯ ತೂತಿನ ಮುಂದಿಟ್ಟು ಮೆಲ್ಲಗೆ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಒಂದು ಗುಂಡನೆಯ ಮೂಳೆ ಸರಿದಾಡುವುದು ತಿಳಿಯುತ್ತದೆ. ಅದೇ ದವಡೆ ಕೀಲು, ವೈದ್ಯರ ಬಾಯಲ್ಲಿ ಟಿಎಂಜೆ. ಬಾಯಿ ಮೊದಲ 20–25 ಮಿಲಿಮೀಟರ್ ತೆರೆಯುವಾಗ ಈ ಕೀಲು ಬಾಗಿಲಿನ ತಿರುಗಣಿಯಂತೆ ಮುಖ್ಯವಾಗಿ ಇದ್ದಲ್ಲೇ ತಿರುಗುತ್ತದೆ. ಇನ್ನೂ ಅಗಲ ತೆರೆಯಬೇಕಾದರೆ ದವಡೆಯ ಆ ಗುಂಡು ತಲೆ ಮುಂದಕ್ಕೆ ಜಾರಲೇಬೇಕು. ಜಾರುವಾಗ ಮೂಳೆಗೆ ಮೂಳೆ ಉಜ್ಜದಂತೆ ನಡುವೆ ತೆಳ್ಳಗಿನ ಡಿಸ್ಕ್ ಇದೆ. ಅದು ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ದವಡೆಯ ತಲೆ ಅದರ ಮೇಲೆ ಹತ್ತಿ ಕೂರುತ್ತದೆ. ನಿಮಗೆ ಕೇಳುವ ಟಕ್ ಶಬ್ದ ಬಹುತೇಕ ಅದೇ. ನೋವಿಲ್ಲದೆ ಬರೀ ಶಬ್ದ ಮಾತ್ರ ಬಂದರೆ ಚಿಕಿತ್ಸೆಯೇ ಬೇಡ. ತುಂಬ ಜನರಿಗೆ ಅದು ಇರುತ್ತದೆ, ಜೀವನಪೂರ್ತಿ ಇದ್ದರೂ ತೊಂದರೆ ಕೊಡುವುದಿಲ್ಲ. ಇನ್ನೂ ಬರುತ್ತಿದೆಯಾ ಎಂದು ಪದೇಪದೇ ಬಾಯಿ ಆಡಿಸಿ ನೋಡುವ ಅಭ್ಯಾಸ ಮಾತ್ರ ಬಿಡಬೇಕು.

ನೋವಿಗೆ ಹೆಚ್ಚಿನ ಸಲ ಕಾರಣ ಕೀಲಿಗಿಂತ ಅದನ್ನು ಎಳೆಯುವ ಸ್ನಾಯುಗಳು. ಹಲ್ಲು ಕಚ್ಚಿ ಕೆನ್ನೆ ಮುಟ್ಟಿಕೊಂಡರೆ ಗಟ್ಟಿಯಾಗಿ ಉಬ್ಬುವ ಸ್ನಾಯು ಒಂದು, ಕಣತಲೆಯ ಮೇಲೆ ಹರಡಿಕೊಂಡದ್ದು ಇನ್ನೊಂದು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ, ಹಗಲಿಡೀ ಕಂಪ್ಯೂಟರ್ ಮುಂದೆ ಗೊತ್ತಿಲ್ಲದೆ ಹಲ್ಲು ಬಿಗಿಹಿಡಿಯುವವರಿಗೆ ಈ ಸ್ನಾಯುಗಳು ದಣಿದು ಗಂಟುಕಟ್ಟುತ್ತವೆ. ಬೆಳಗಿನ ಬಿಗಿತ ಅಲ್ಲಿಂದಲೇ ಬರುತ್ತದೆ.

ಆದರೆ ಬಾಯಿ ಬಿಗಿಯುವುದೆಲ್ಲ ಕೀಲಿನ ಕಾಯಿಲೆಯಲ್ಲ. ನಮ್ಮ ನಾಡಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಅಡಿಕೆ, ಗುಟ್ಕಾ, ಪಾನ್ ಮಸಾಲಾ ಅಗಿಯುವವರಲ್ಲಿ ಬಾಯಿಯ ಒಳಪದರ ಬಿಳಿಚಿಕೊಂಡು, ನಾರುಗಟ್ಟಿ, ವರ್ಷ ಕಳೆದಂತೆ ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಮೊದಮೊದಲು ಖಾರ ತಿಂದರೆ ಉರಿ ಅಷ್ಟೇ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಬಾಯಿ ಕ್ಯಾನ್ಸರ್ ಆಗುವ ಸಾಧ್ಯತೆಯಿರುವ ಸ್ಥಿತಿ ಅದು. ಅಗಿಯುವ ಅಭ್ಯಾಸವಿದ್ದರೆ ಮೊದಲು ಬಾಯಿಯ ಒಳಗನ್ನು ಪರೀಕ್ಷೆ ಮಾಡಿಸಿ, ವ್ಯಾಯಾಮ ಆಮೇಲೆ. ಬುದ್ಧಿಹಲ್ಲಿನ ಸುತ್ತ ಕೀವಾದರೂ ಬಾಯಿ ಕಚ್ಚಿಕೊಳ್ಳುತ್ತದೆ, ಜೊತೆಗೆ ಊತ, ಜ್ವರ ಇರುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ದವಡೆ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ ಎಂದಾದರೆ ಹೃದಯ ಪರೀಕ್ಷೆ ತಡಮಾಡಬೇಡಿ. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ಸೋತು ನೋಯುವುದು, ಹೊಸದಾಗಿ ಕಣತಲೆ ನೋವು, ಕಣ್ಣು ಮಂಜಾಗುವುದು ಸೇರಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ರಕ್ತನಾಳದ ಉರಿಯೂತವಾಗಿರಬಹುದು, ದೃಷ್ಟಿಯೇ ಹೋಗಬಹುದು. ಬಿದ್ದು ಗಲ್ಲಕ್ಕೆ, ಅಂದರೆ ಗದ್ದಕ್ಕೆ, ಪೆಟ್ಟಾದ ಮಕ್ಕಳ ಬಾಯಿ ಬರಬರುತ್ತಾ ಕಿರಿದಾಗುತ್ತಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಬಾಯಿ-ದವಡೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ನಿಮ್ಮ ವಿಷಯದಲ್ಲಿ ದಂತವೈದ್ಯರು ಒಮ್ಮೆ ನೋಡಿಯೇ ಕಳಿಸಿದ್ದಾರೆ, ಹಾಗಾಗಿ ಮುಂದಿನದನ್ನು ನೋಡೋಣ.

ಮೊದಲ ದಿನ ಹೆಚ್ಚು ಹೊತ್ತು ಹೋಗುವುದು ಅಳೆಯುವುದರಲ್ಲಿ. ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ಸಣ್ಣ ಸ್ಕೇಲ್ ಇಟ್ಟು ಬಾಯಿ ಎಷ್ಟು ತೆರೆಯುತ್ತದೆ ಎಂದು ಬರೆದುಕೊಳ್ಳುತ್ತಾರೆ. ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್. ಮನೆಯಲ್ಲಿ ನೋಡಬೇಕೆಂದರೆ ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂಹಲ್ಲುಗಳ ನಡುವೆ ಇಡಿ, ಹಿಡಿಸಬೇಕು. ಬಾಯಿ ತೆರೆಯುವಾಗ ಗಲ್ಲ ನೇರ ಇಳಿಯುತ್ತದೋ, ಒಂದು ಕಡೆಗೆ ಓಡುತ್ತದೋ ಎಂಬುದನ್ನೂ ನೋಡುತ್ತಾರೆ. ಬಲಗಡೆ ಕೀಲು ಸರಿಯಾಗಿ ಜಾರದಿದ್ದರೆ ಗಲ್ಲ ಬಲಕ್ಕೇ ವಾಲುತ್ತದೆ.

ಆಮೇಲೆ ಕೈ ಕೆಲಸ. ಗ್ಲೌಸ್ ಹಾಕಿದ ಹೆಬ್ಬೆರಳನ್ನು ನಿಮ್ಮ ಕೆಳಗಿನ ದವಡೆಹಲ್ಲಿನ ಮೇಲಿಟ್ಟು, ಉಳಿದ ಬೆರಳುಗಳಿಂದ ದವಡೆಯನ್ನು ಹೊರಗಿನಿಂದ ಹಿಡಿದು, ಕೆಳಕ್ಕೆ ಒತ್ತಿ ಹಿಡಿಯುತ್ತಾರೆ, ಮತ್ತೆ ಬಿಡುತ್ತಾರೆ. ಆಮೇಲೆ ಸ್ವಲ್ಪ ಮುಂದಕ್ಕೆ. ಹೊರಗೆ ನಿಂತವರಿಗೆ ಏನೂ ನಡೆಯುತ್ತಿಲ್ಲ ಎನಿಸುವಷ್ಟು ಸಣ್ಣ ಚಲನೆ ಅದು, ಆದರೆ ಕೀಲಿನ ಬಿಗಿ ಪದರ ಸಡಿಲಾಗುವುದು ಹೀಗೆಯೇ. ಈ ಹೊತ್ತಿನಲ್ಲಿ ಮಾತಾಡಲು ಆಗುವುದಿಲ್ಲ, ನೋವಾದರೆ ಕೈ ಎತ್ತಿ ಎಂದು ಮೊದಲೇ ಹೇಳಿರುತ್ತಾರೆ. ನಿಸ್ಸಂಕೋಚವಾಗಿ ಎತ್ತಿ. ಕೆನ್ನೆಯ ಸ್ನಾಯುವನ್ನು ಒಳಗೊಂದು ಬೆರಳು, ಹೊರಗೊಂದು ಬೆರಳು ಇಟ್ಟು ಹಿಂಡುವುದೂ ಉಂಟು. ಗಂಟುಕಟ್ಟಿದ ಜಾಗ ಸಿಕ್ಕಿದಾಗ ನೋವು ಕಣತಲೆಗೋ ಹಲ್ಲಿಗೋ ಹರಿಯುತ್ತದೆ. ಇಷ್ಟು ದಿನ ಹಲ್ಲು ನೋವೆಂದು ನಂಬಿದ್ದು ಎಲ್ಲಿಂದ ಬರುತ್ತಿತ್ತೆಂದು ಅನೇಕರಿಗೆ ಆಗಲೇ ತಿಳಿಯುವುದು.

ದವಡೆಗೆಂದು ಹೋದರೆ ಕುತ್ತಿಗೆ ಯಾಕೆ ನೋಡುತ್ತಾರೆ ಎಂದು ಕೇಳುತ್ತಾರೆ. ತಲೆಯನ್ನು ಹಿಂದಕ್ಕೆ ವಾಲಿಸಿ ಹಲ್ಲು ಮೆಲ್ಲಗೆ ತಾಗಿಸಿ ನೋಡಿ, ಮತ್ತೆ ತಲೆ ತಗ್ಗಿಸಿ ತಾಗಿಸಿ. ಹಲ್ಲು ಕೂಡುವ ಜಾಗವೇ ಬೇರೆಯಾಗುತ್ತದೆ. ತಲೆ ಮುಂದೆ ಚಾಚಿ ಗಂಟೆಗಟ್ಟಲೆ ಫೋನ್ ನೋಡುವವರ ದವಡೆ ಸ್ನಾಯುಗಳು ಇಡೀ ಹೊತ್ತು ಎಳೆದುಕೊಂಡೇ ಇರುತ್ತವೆ. ಹಾಗಾಗಿ ಗಲ್ಲವನ್ನು ಒಳಕ್ಕೆ ಎಳೆದು ಕುತ್ತಿಗೆ ನೇರ ಮಾಡುವ ವ್ಯಾಯಾಮವೂ ಚಿಕಿತ್ಸೆಯ ಭಾಗವೇ.

ಮನೆಯಲ್ಲಿ ಮಾಡಬೇಕಾದ್ದರ ತಳಪಾಯ ಒಂದೇ: ತುಟಿ ಮುಚ್ಚಿರಲಿ, ಹಲ್ಲು ತಾಗದಿರಲಿ, ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂದೆ, 'ನ' ಎನ್ನುವಾಗ ತಾಗುವ ಜಾಗದಲ್ಲಿ ಹಗುರವಾಗಿರಲಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಅಗತ್ಯವೇ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಕಂಪ್ಯೂಟರ್ ಪರದೆಯ ಅಂಚಿಗೆ, ಗಾಡಿಯ ಮೀಟರ್ ಪಕ್ಕಕ್ಕೆ ಒಂದು ಚುಕ್ಕೆ ಅಂಟಿಸಿಕೊಳ್ಳಿ. ಅದು ಕಂಡಾಗಲೆಲ್ಲ ಹಲ್ಲು ಬಿಡಿಸಿ. ಎಲ್ಲ ವ್ಯಾಯಾಮಕ್ಕಿಂತ ಹೆಚ್ಚು ಫಲ ಕೊಡುವುದು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವ್ಯಾಯಾಮ ಹೀಗಿರುತ್ತದೆ. ನಾಲಿಗೆಯನ್ನು ಅಂಗುಳಿಗೆ ಅಂಟಿಸಿಕೊಂಡೇ, ಕನ್ನಡಿ ಮುಂದೆ ಗಲ್ಲ ನೇರ ಇಳಿಯುವಂತೆ ಬಾಯಿ ತೆರೆದು ಮುಚ್ಚುವುದು. ನಾಲಿಗೆ ಮೇಲಿರುವಷ್ಟು ಹೊತ್ತು ಕೀಲು ಹೆಚ್ಚು ಜಾರದೆ ಇದ್ದಲ್ಲೇ ತಿರುಗುತ್ತದೆ, ಟಕ್ ಶಬ್ದವೂ ಸಾಮಾನ್ಯವಾಗಿ ಬರುವುದಿಲ್ಲ. ಗಲ್ಲದ ಕೆಳಗೆ, ಆಮೇಲೆ ಎರಡೂ ಪಕ್ಕ ಬೆರಳಿಟ್ಟು, ದವಡೆ ಅಲುಗದಂತೆ ಹಗುರವಾಗಿ ಒತ್ತಿ ತಡೆಯುವುದು ಇನ್ನೊಂದು. ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮಾರಿಯಾನೊ ರೊಕಬಾಡೊ ಇಂಥವನ್ನು ಸೇರಿಸಿ ಒಂದು ಕ್ರಮ ಮಾಡಿಕೊಟ್ಟಿದ್ದಾರೆ: ಆರು ವ್ಯಾಯಾಮ, ಒಂದೊಂದನ್ನೂ ಆರು ಸಲ, ದಿನಕ್ಕೆ ಆರು ಹೊತ್ತು. ಒಂದೇ ಸಲ ಅರ್ಧ ಗಂಟೆ ಎಳೆದಾಡುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಮಾಡುವುದು ದವಡೆಗೆ ಒಗ್ಗುತ್ತದೆ. ಬಿಗಿತವೇ ಹೆಚ್ಚಿದ್ದರೆ ಹೆಬ್ಬೆರಳನ್ನು ಮೇಲಿನ ಹಲ್ಲಿಗೆ, ತೋರುಬೆರಳನ್ನು ಕೆಳಹಲ್ಲಿಗೆ ಕೊಟ್ಟು ಮೆಲ್ಲಗೆ ಅಗಲಿಸಿ 10–15 ಸೆಕೆಂಡು ಹಿಡಿಯುವುದನ್ನು ಕಲಿಸುತ್ತಾರೆ. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಬಂದರೆ ಅವತ್ತಿಗೆ ನಿಲ್ಲಿಸಿ. ವ್ಯಾಯಾಮಕ್ಕೆ ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲಿನಿಂದ ಕೆನ್ನೆಗೆ 15 ನಿಮಿಷ ಶಾಖ ಕೊಟ್ಟರೆ ಸುಲಭ.

ಊಟದಲ್ಲಿ ಕೆಲವು ವಾರ ಚಕ್ಕುಲಿ, ಕೋಡುಬಳೆ, ಕಬ್ಬು, ಸುಟ್ಟ ಮುಸುಕಿನ ಜೋಳ, ಚೂಯಿಂಗ್ ಗಮ್ ದೂರವಿರಲಿ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಳ್ಳಿ. ಅಗಿಯದೆ ನುಂಗುವ ರಾಗಿಮುದ್ದೆ ಈ ಕಾಯಿಲೆಗೆ ಹೇಳಿಮಾಡಿಸಿದ ಊಟ. ಸೇಬು, ಸೀಬೆಯನ್ನು ಕಚ್ಚಬೇಡಿ, ಹೆಚ್ಚಿಕೊಂಡು ತಿನ್ನಿ. ಆದರೆ ತಿಂಗಳುಗಟ್ಟಲೆ ಗಂಜಿಯಲ್ಲೇ ಇರಬೇಡಿ, ಅಗಿಯದಿದ್ದರೆ ಸ್ನಾಯು ಸೋಲುತ್ತದೆ. ಆಕಳಿಕೆ ಬಂದಾಗ ನಾಲಿಗೆಯನ್ನು ಅಂಗುಳಿಗೆ ಒತ್ತಿ, ಗಲ್ಲಕ್ಕೆ ಕೈ ಕೊಡಿ.

ಇದಕ್ಕೆ ಆಧಾರ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮೂರು ತಿಂಗಳು ಮೀರಿದ ದವಡೆ ಕೀಲು ನೋವಿನ ಬಗ್ಗೆ 2023ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಚಿಕಿತ್ಸಕರು ಕೈಯಿಂದ ಕೀಲು ಸಡಿಲಿಸುವುದು, ಸ್ನಾಯುಗಂಟುಗಳನ್ನು ಒತ್ತಿ ಬಿಡಿಸುವುದು, ಅವರ ಕಣ್ಣೆದುರಿಗೇ ಮಾಡುವ ದವಡೆ ಮತ್ತು ಭಂಗಿಯ ವ್ಯಾಯಾಮ, ಮನೆಯ ವ್ಯಾಯಾಮ, ನೋವನ್ನು ನಿಭಾಯಿಸಲು ಕಲಿಸುವ ಮನಶ್ಶಾಸ್ತ್ರೀಯ ತರಬೇತಿ, ಇವನ್ನೇ ಅದು ಗಟ್ಟಿಯಾಗಿ ಶಿಫಾರಸು ಮಾಡಿದ್ದು. ಲೇಸರ್, ಕರೆಂಟ್ ಕೊಡುವ ಟೆನ್ಸ್ ಯಂತ್ರ, ಬೊಟಾಕ್ಸ್ ಚುಚ್ಚುಮದ್ದು, ತೆಗೆದು ಹಾಕಬಹುದಾದ ಹಲ್ಲಿನ ಪ್ಲೇಟ್ ಇವುಗಳ ವಿಷಯದಲ್ಲಿ ಒಲವು ಬೇಡ ಎನ್ನುವ ಕಡೆಗೇ ಇದೆ. ಹಲ್ಲು ಸವೆಯದಿರಲಿ ಎಂದು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾತು ಬೇರೆ, ಅದನ್ನು ದಂತವೈದ್ಯರು ಹೇಳಿದ್ದರೆ ಹಾಕಿಕೊಳ್ಳಿ. ಆದರೆ ಕೀಲು ನೋವಿಗೆಂದು ಹಲ್ಲು ಉಜ್ಜಿ ಎತ್ತರ ಬದಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ನೋವು ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆ, ಆದರೆ ಎರಡು ದಿನದಲ್ಲಲ್ಲ, ವಾರಗಳು ಬೇಕು. ಶಬ್ದ ಉಳಿದುಕೊಂಡರೂ ನೋವು ಹೋಗಿ ಬಾಯಿ ತೆರೆಯುತ್ತಿದ್ದರೆ ಚಿಕಿತ್ಸೆ ಗೆದ್ದಿದೆ ಎಂದೇ ಅರ್ಥ. ಟಕ್ ಶಬ್ದ ಇದ್ದಕ್ಕಿದ್ದಂತೆ ನಿಂತು ಬಾಯಿ ಎರಡು ಬೆರಳಿನಷ್ಟೂ ತೆರೆಯದಾದರೆ ಡಿಸ್ಕ್ ಅಡ್ಡ ಸಿಕ್ಕಿಕೊಂಡಿರಬಹುದು. ಒತ್ತಾಯದಿಂದ ತೆರೆಯಲು ಹೋಗದೆ ಬೇಗ ತೋರಿಸಿ. ತೆರೆದ ಬಾಯಿ ಮುಚ್ಚಲಾಗದೆ ನಿಂತುಬಿಟ್ಟರೆ ಕೀಲು ತಪ್ಪಿದೆ ಎಂದರ್ಥ, ಅದಕ್ಕೆ ನೇರ ಆಸ್ಪತ್ರೆ.

ಎಲ್ಲ ಫಿಸಿಯೋಥೆರಪಿಸ್ಟರೂ ದವಡೆ ನೋಡುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ, "ದವಡೆ ಕೀಲಿಗೆ ಬಾಯೊಳಗೆ ಕೈ ಹಾಕಿ ಚಿಕಿತ್ಸೆ ಮಾಡುತ್ತೀರಾ?" ಎಂದು ಕೇಳಿ. ಇಲ್ಲ, ಮಷಿನ್ ಹಿಡಿಯುತ್ತೇವೆ ಎಂಬ ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ. ಹತ್ತಿರದಲ್ಲಿ ದಂತ ವೈದ್ಯಕೀಯ ಕಾಲೇಜು ಇದ್ದರೆ ಅಲ್ಲಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ಕೇಳಿ, ಈ ಕೆಲಸ ಬಲ್ಲವರು ಊರಲ್ಲಿ ಯಾರಿದ್ದಾರೆಂದು ತಿಳಿಯುವ ಸಾಧ್ಯತೆ ಅಲ್ಲೇ ಹೆಚ್ಚು.