ಸ್ಕಾಟ್ಲೆಂಡಿನ ಕುಟುಂಬ ದಾಖಲೆ ಓದುವಾಗ: ಹಿರಿಯ ಮಗನ ಹೆಸರು ಯಾಕಿಲ್ಲ?

ಸ್ಕಾಟ್ಲೆಂಡಿನ ಹಳೆಯ ಕುಟುಂಬ ಕಾಗದಪತ್ರ ಓದಲು ಶುರುಮಾಡಿದವರಲ್ಲಿ ಬಹಳಷ್ಟು ಮಂದಿ ಎಡವುವುದು ಒಂದೇ ಕಡೆ. ಅಪ್ಪನ ಮರಣಶಾಸನ ಸಿಗುತ್ತದೆ. ಅದರಲ್ಲಿ ಹೆಂಡತಿಯ ಹೆಸರಿದೆ, ಕಿರಿಯ ಮಕ್ಕಳ ಹೆಸರಿದೆ, ಹಿರಿಯ ಮಗನ ಸುದ್ದಿಯೇ ಇಲ್ಲ. ‘ಮೊದಲೇ ತೀರಿಕೊಂಡಿರಬೇಕು’ ಅಂದುಕೊಂಡು ವಂಶವೃಕ್ಷದಲ್ಲಿ ಅವನ ಕೊಂಬೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಎಷ್ಟೋ ಸಲ ಅವನು ಬದುಕಿಯೇ ಇರುತ್ತಾನೆ, ಅಪ್ಪನ ಜಮೀನೂ ಅವನ ಕೈಯಲ್ಲೇ ಇರುತ್ತದೆ.

ಇದಕ್ಕೆ ಕಾರಣ ಅಲ್ಲಿನ ಕಾನೂನು. 1868ರವರೆಗೆ ಜಮೀನು, ಮನೆಯಂಥ ಸ್ಥಿರಾಸ್ತಿಯನ್ನು ಮರಣಶಾಸನದಲ್ಲಿ ನೇರವಾಗಿ ಬರೆದುಕೊಡುವಂತಿರಲಿಲ್ಲ. ಅದು ಹಿರಿಯ ಮಗನಿಗೆ ಸಲ್ಲಬೇಕಾದದ್ದು. ‘ಟೆಸ್ಟಮೆಂಟ್’ ಎಂಬ ದಾಖಲೆಯಲ್ಲಿ ಇರುತ್ತಿದ್ದುದು ಚರಾಸ್ತಿ ಮಾತ್ರ: ದನಕರು, ಕಾಳುಕಡಿ, ಪಾತ್ರೆಪಡಗ, ಬರಬೇಕಾದ ಸಾಲ, ತೀರಿಸಬೇಕಾದ ಸಾಲ. ಹೆಂಡತಿ ಮಕ್ಕಳಿದ್ದರೆ ಅದನ್ನು ಮೂರು ಪಾಲು ಮಾಡುತ್ತಿದ್ದರು. ಒಂದು ಹೆಂಡತಿಗೆ, ಒಂದು ಮಕ್ಕಳಿಗೆ, ಇನ್ನೊಂದು ‘ಸತ್ತವನ ಪಾಲು’. ಈ ಮೂರನೆಯದನ್ನಷ್ಟೇ ಅವನು ತನಗೆ ಬೇಕಾದವರಿಗೆ ಬರೆಯಬಹುದಿತ್ತು. ಜಮೀನು ಪಡೆದ ಮಗನಿಗೆ ಮಕ್ಕಳ ಪಾಲಿನಲ್ಲಿ ಸಾಮಾನ್ಯವಾಗಿ ಹಕ್ಕಿರಲಿಲ್ಲ. ಹಾಗಿದ್ದ ಮೇಲೆ ಅಲ್ಲಿ ಅವನ ಹೆಸರು ಯಾಕೆ ಬರಬೇಕು?

ಅವನನ್ನು ಹುಡುಕಬೇಕಾದ ಜಾಗ ಬೇರೆ. ಊರಿನ ಪಂಚರು ಕೂತು ‘ಸತ್ತವನಿಗೆ ಇವನೇ ಹತ್ತಿರದ ವಾರಸುದಾರ’ ಎಂದು ಪ್ರಮಾಣ ಮಾಡಿ ಹೇಳಿದ ತೀರ್ಮಾನಗಳು ಇವೆ. 1847ರವರೆಗಿನವು ಬಹುಪಾಲು ಲ್ಯಾಟಿನ್‌ನಲ್ಲಿವೆ, ಆದರೆ ಒಂದೇ ಅಚ್ಚಿನ ವಾಕ್ಯಗಳು ಮತ್ತೆ ಮತ್ತೆ ಬರುವುದರಿಂದ ಹತ್ತು ಓದಿದರೆ ಹನ್ನೊಂದನೆಯದು ಸಲೀಸು. ಇವುಗಳ ಜೊತೆಗೆ, ಜಮೀನು ಯಾರ ಕೈಗೆ ಹೋಯಿತೆಂದು ದಾಖಲಿಸುವ, 1617ರಲ್ಲಿ ಶುರುವಾದ ಸೇಸಿನ್ ರಿಜಿಸ್ಟರ್ ನೋಡಬೇಕು. ಜಮೀನು ಕೈಬದಲಾಗುವಾಗ ಆ ನೆಲದ ಮೇಲೇ ನಿಂತು, ಅಲ್ಲಿನದೇ ಒಂದು ಹಿಡಿ ಮಣ್ಣನ್ನೂ ಒಂದು ಕಲ್ಲನ್ನೂ ಹೊಸ ಒಡೆಯನ ಕೈಗೆ, ಇಲ್ಲವೇ ಅವನ ಪರವಾಗಿ ಬಂದವನ ಕೈಗೆ ಕೊಡುತ್ತಿದ್ದರು. ನೋಟರಿ ಅದನ್ನು ಬರೆದುಕೊಳ್ಳುತ್ತಿದ್ದ, ನೋಡಿದ ಸಾಕ್ಷಿಗಳ ಹೆಸರನ್ನೂ ಸೇರಿಸುತ್ತಿದ್ದ. ಆ ಸಾಕ್ಷಿಗಳ ಪಟ್ಟಿಯನ್ನು ದಯವಿಟ್ಟು ಹಾರಿಸಬೇಡಿ. ತಮ್ಮ, ಭಾವಮೈದ, ಪಕ್ಕದ ಹೊಲದವ ಎಷ್ಟೋ ಸಲ ಅಲ್ಲೇ ನಿಂತಿರುತ್ತಾರೆ.

ಜಮೀನೇ ಇಲ್ಲದ ಗೇಣಿದಾರನ ಕುಟುಂಬವಾದರೆ ಜಮೀನ್ದಾರನ ಕಾಗದ ಬಿಚ್ಚಬೇಕು. ದೊಡ್ಡ ಮನೆತನಗಳು ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ಗೆ ಒಪ್ಪಿಸಿದ ಕಂತೆಗಳಿಗೆ ‘ಜಿಡಿ’ (ಗಿಫ್ಟ್ಸ್ ಅಂಡ್ ಡೆಪಾಸಿಟ್ಸ್, ಅಂದರೆ ಕೊಡುಗೆ ಮತ್ತು ಠೇವಣಿ) ಎಂಬ ಗುರುತಿರುತ್ತದೆ. ಅವುಗಳೊಳಗಿನ ಗೇಣಿ ಲೆಕ್ಕದಲ್ಲಿ ಬಡವರ ಹೆಸರು ವರ್ಷವರ್ಷವೂ ಸಿಗುವುದುಂಟು.

ಇನ್ನು ಚರ್ಚಿನ ಪುಸ್ತಕಗಳು. ಊರೂರಿನ ಚರ್ಚು ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುತ್ತಿದ್ದ ಪ್ಯಾರಿಷ್ ರಿಜಿಸ್ಟರ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರಿನ ಎರಲ್ ಊರಿನದು, 1553ರದ್ದು. ಎಲ್ಲ ಊರುಗಳಲ್ಲೂ ಅಷ್ಟು ಹಿಂದಿನವು ಉಳಿದಿಲ್ಲ. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ಸ್ ತೆರಿಗೆ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಮಗು ಹುಟ್ಟಿದ್ದನ್ನು ಬರೆಸದೇ ಇದ್ದವರಿದ್ದರು.

ಒಂದು ನಮೂದನ್ನು ಹತ್ತಿರದಿಂದ ನೋಡೋಣ. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು ಏರ್ ಪಟ್ಟಣದ ಪುಸ್ತಕದಲ್ಲಿದೆ. ಅಲೋವೇಯ ವಿಲಿಯಂ ಬರ್ನ್ಸ್ ಮತ್ತು ಅವನ ಪತ್ನಿ ಆಗ್ನೆಸ್ ಬ್ರೌನ್ ಇವರ ಸಕ್ರಮ ಮಗ, 1759ರ ಜನವರಿ 25ರಂದು ಜನನ, ದೀಕ್ಷಾಸ್ನಾನ ಮಾಡಿಸಿದವರು ಪಾದ್ರಿ ಡಾಲ್ರಿಂಪಲ್, ಜೊತೆಗೆ ಇಬ್ಬರು ಸಾಕ್ಷಿಗಳು. ಇಷ್ಟೇ. ಆದರೆ ತಾಯಿಯ ಹೆಸರು ನೋಡಿ. ಮದುವೆಯಾದ ಮೇಲೂ ಅವಳು ಆಗ್ನೆಸ್ ಬ್ರೌನ್. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಹೆಣ್ಣಿನ ತವರಿನ ಹೆಸರು ಹೀಗೆ ಉಳಿದುಕೊಳ್ಳುತ್ತದೆ, ಅವಳ ಕಡೆಯ ವಂಶವನ್ನು ಹಿಡಿದು ಹೋಗಲು ಅದೇ ದಾರಿ. ತಂದೆ ತನ್ನ ಮನೆತನದ ಹೆಸರನ್ನು ಬರೆಯುತ್ತಿದ್ದುದು ‘ಬರ್ನೆಸ್’ ಎಂದು, ಚರ್ಚಿನ ಗುಮಾಸ್ತ ಬರೆದದ್ದು ‘ಬರ್ನ್ಸ್’. ಒಂದೇ ಕಾಗುಣಿತ ಹಿಡಿದು ಹುಡುಕುವವರಿಗೆ ಮನೆತನ ಅರ್ಧವೇ ಸಿಕ್ಕೀತು.

ಹೆಸರಿಡುವುದರಲ್ಲೂ ಅಲ್ಲೊಂದು ರೂಢಿಯಿದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮಗೂ ಗೊತ್ತಿರುವ ಮಾತು. ಅಲ್ಲಿ ಮೊದಲ ಮಗನಿಗೆ ತಂದೆಯ ತಂದೆಯದು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದೇ, ಮೊದಲ ಮಗಳಿಗೆ ತಾಯಿಯ ತಾಯಿಯದು. ಈ ಮನೆಯ ಮಕ್ಕಳು ರಾಬರ್ಟ್, ಗಿಲ್ಬರ್ಟ್, ಆಗ್ನೆಸ್, ಅನಬೆಲ್ಲಾ, ವಿಲಿಯಂ ಹೀಗೆ. ತಂದೆಯ ಅಪ್ಪ ರಾಬರ್ಟ್, ತಾಯಿಯ ಅಪ್ಪ ಗಿಲ್ಬರ್ಟ್, ತಾಯಿಯ ಅಮ್ಮ ಆಗ್ನೆಸ್. ಎರಡನೆಯ ಮಗಳಿಗೆ ಬಂದಾಗ ರೂಢಿ ತಪ್ಪಿತು: ತಂದೆಯ ಅಮ್ಮ ಇಸಬೆಲ್ಲಾಳ ಹೆಸರು ಬಂದದ್ದು ಕಡೆಯ ಮಗಳಿಗೆ. ಹಾಗಾಗಿ ಈ ಕ್ರಮವನ್ನು ಎಲ್ಲಿ ಹುಡುಕಬೇಕೆಂಬ ಸುಳಿವಾಗಿ ಮಾತ್ರ ಇಟ್ಟುಕೊಳ್ಳಿ, ಪುರಾವೆಯಾಗಿ ಅಲ್ಲ.

ಈಗ ಬರ್ನ್ಸ್ ಮದುವೆ. ಅವನಿಗೂ ಜೀನ್ ಆರ್ಮರ್‌ಗೂ 1786ರ ಸೆಪ್ಟೆಂಬರಿನಲ್ಲಿ ಅವಳಿ ಮಕ್ಕಳಾದವು. ಚರ್ಚಿನಲ್ಲಿ ಶಾಸ್ತ್ರೋಕ್ತ ಮದುವೆ ಆಗಿರಲಿಲ್ಲ. ಈ ಕಥೆ ಸಿಗುವುದು ಊರಿನ ಹಿರಿಯರೂ ಪಾದ್ರಿಯೂ ಸೇರಿ ನಡೆಸುತ್ತಿದ್ದ ‘ಕರ್ಕ್ ಸೆಷನ್’ ಎಂಬ ಪಂಚಾಯಿತಿಯ ನಡಾವಳಿಯಲ್ಲಿ. 1788ರ ಆಗಸ್ಟಿನಲ್ಲಿ ಮಾಕ್ಲಿನ್ ಊರಿನ ಸೆಷನ್ ಮುಂದೆ ಇಬ್ಬರೂ ಹಾಜರಾಗಿ, ನಮ್ಮದು ಕ್ರಮ ತಪ್ಪಿದ ಮದುವೆ ಎಂದು ಒಪ್ಪಿಕೊಂಡರು. ಸೆಷನ್ ಅವರನ್ನು ಗದರಿಸಿ ಮದುವೆಯನ್ನು ಮಾನ್ಯ ಮಾಡಿತು, ಬರ್ನ್ಸ್ ಊರಿನ ಬಡವರಿಗೆಂದು ಒಂದು ಗಿನಿ ಕೊಟ್ಟ. ಗಂಡು ಹೆಣ್ಣು ಪರಸ್ಪರ ಒಪ್ಪಿದರೆ ಸಾಕು, ಮದುವೆ ಊರ್ಜಿತ ಎಂಬ ಕಾನೂನು ಸ್ಕಾಟ್ಲೆಂಡಿನಲ್ಲಿ 1940ರವರೆಗೂ ಇತ್ತು. ಆದ್ದರಿಂದ ಮದುವೆ ಪುಸ್ತಕದಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಮದುವೆಯೇ ಆಗಿಲ್ಲ ಅನ್ನಬೇಡಿ, ಸೆಷನ್ ನಡಾವಳಿ ತೆಗೆಯಿರಿ. ನನಗಂತೂ ಇಡೀ ದಾಖಲೆ ಭಂಡಾರದಲ್ಲಿ ಮನುಷ್ಯರ ದನಿ ಇಷ್ಟು ಹತ್ತಿರದಿಂದ ಕೇಳಿಸುವುದು ಈ ನಡಾವಳಿಗಳಲ್ಲೇ.

ಬರವಣಿಗೆಯ ತೊಡಕು ಇದ್ದೇ ಇದೆ. 16–17ನೇ ಶತಮಾನದ ‘ಸೆಕ್ರೆಟರಿ’ ಅಕ್ಷರ ನಮ್ಮ ಮೋಡಿ ಲಿಪಿಯ ಹಾಗೆ, ರೂಢಿಯಾಗುವವರೆಗೆ ಗೆರೆಗಳ ಗೋಜಲು. ‘ಅಂವೈಲ್’ ಅಂದರೆ ದಿವಂಗತ, ‘ರೆಲಿಕ್ಟ್’ ಅಂದರೆ ವಿಧವೆ, ‘ಓಯ್’ ಅಂದರೆ ಮೊಮ್ಮಗು. ಈ ಮೂರು ತಿಳಿದರೆ ಯಾರು ಬದುಕಿದ್ದಾರೆ, ಯಾರಿಲ್ಲ ಎಂಬ ಲೆಕ್ಕ ಬಹಳ ಮಟ್ಟಿಗೆ ಸಿಗುತ್ತದೆ. ತಾರೀಕಿನಲ್ಲೂ ಎಚ್ಚರ ಬೇಕು: ಸ್ಕಾಟ್ಲೆಂಡಿನಲ್ಲಿ ಜನವರಿ 1ರಿಂದ ವರ್ಷ ಎಣಿಸತೊಡಗಿದ್ದು 1600ರಲ್ಲಿ, ಇಂಗ್ಲೆಂಡಿನಲ್ಲಿ 1752ರಲ್ಲಿ.

1855ರ ಜನವರಿ 1ರಿಂದ ಸರ್ಕಾರಿ ನೋಂದಣಿ ಕಡ್ಡಾಯವಾಯಿತು. ಅಲ್ಲಿಯ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರೂ, ತಾಯಿಯ ತವರಿನ ಹೆಸರೂ ಇರುತ್ತವೆ. ಹುಡುಕಾಟಕ್ಕೆ ಇದೊಂದು ವರ. ಬರ್ನ್ಸ್‌ನ ಕಡೆಯ ತಂಗಿ ಇಸಬೆಲ್ಲಾ ಹುಟ್ಟಿದ್ದು 1771ರಲ್ಲಿ, ತೀರಿಕೊಂಡದ್ದು 1858ರಲ್ಲಿ. ಇಂಥ ದೀರ್ಘಾಯುಷಿಗಳ ಮರಣ ದಾಖಲೆಯೊಂದು 1720–30ರ ದಶಕಗಳಲ್ಲಿ ಹುಟ್ಟಿದ ತಂದೆತಾಯಿಯವರೆಗೂ ಕೈಚಾಚುತ್ತದೆ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದವರ ಮರಣವನ್ನೇ ಮೊದಲು ಹುಡುಕಿ. ಅದರಲ್ಲಿ ಮಾಹಿತಿ ಕೊಟ್ಟವರು ಯಾರು ಎಂಬ ಕಾಲಂ ಇರುತ್ತದೆ. ಅಲ್ಲಿ ಮಗಳ ಸಹಿ ಇದೆಯೋ ಪಕ್ಕದ ಮನೆಯವರದೋ ನೋಡಿಕೊಂಡು, ಆಮೇಲೆ ಅಜ್ಜಿಯ ಹೆಸರನ್ನು ನಿಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಿ.