9 ಅರ್ಜಿ, 26 ಬರಹ

"ಬರೀ 650 ಪದ ತಾನೇ ಮೇಡಂ? ಒಂದು ಭಾನುವಾರ ಕೂತರೆ ಮುಗಿದುಹೋಗುತ್ತೆ." ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಅಪ್ಪ ಅಮ್ಮ ಮೊದಲ ಸಲ ನನ್ನ ಮುಂದೆ ಕೂತಾಗ ಅರ್ಜಿಯ ಜೊತೆ ಮಕ್ಕಳು ತಮ್ಮ ಬಗ್ಗೆ ಬರೆಯಬೇಕಾದ ಎಸ್ಸೇ ಕುರಿತು ಹೆಚ್ಚುಕಡಿಮೆ ಎಲ್ಲರೂ ಹೇಳುವ ಮಾತಿದು. ಟೈಪ್ ಮಾಡುವ ಲೆಕ್ಕ ಹಿಡಿದರೆ ಅವರು ಹೇಳೋದು ಸರಿಯೇ. ನಾನು ವಾದ ಮಾಡೋಕೆ ಹೋಗುವುದಿಲ್ಲ. ಒಂದು ಖಾಲಿ ಹಾಳೆ ಕೊಟ್ಟು, "ಎಷ್ಟು ಕಾಲೇಜು ಅಂತ ಬೇಡ, ಒಟ್ಟು ಎಷ್ಟು ಬರಹ ಅಂತ ಬರೀರಿ" ಅನ್ನುತ್ತೇನೆ.

ಒಬ್ಬ ಹುಡುಗನ ಪಟ್ಟಿ ಹೇಳುತ್ತೇನೆ. ಒಟ್ಟು 9 ಅರ್ಜಿ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಸೈಟ್ ಆದ ಕಾಮನ್ ಆ್ಯಪ್‌ನ ಮುಖ್ಯ ಎಸ್ಸೇ ಒಂದು, 250ರಿಂದ 650 ಪದ, ಅದರ ಮೂಲಕ ಹಾಕುವ ಎಲ್ಲ ಕಾಲೇಜಿಗೂ ಅದೇ ಹೋಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ್ದು ಬೇರೆಯೇ ಅರ್ಜಿ: 8 ಪ್ರಶ್ನೆ ಕೊಡುತ್ತಾರೆ, 4 ಆರಿಸಿಕೊಂಡು ಒಂದೊಂದಕ್ಕೆ 350 ಪದದೊಳಗೆ ಬರೆಯಬೇಕು. ಬರ್ಕ್ಲಿ ಇರಲಿ, ಯುಸಿಎಲ್‌ಎ ಇರಲಿ, ಅವರ 9 ಕ್ಯಾಂಪಸ್‌ಗೂ ಅದೇ ನಾಲ್ಕು ಉತ್ತರ. ಆ ವರ್ಷ ಸ್ಟ್ಯಾನ್‌ಫರ್ಡ್ ಒಂದೇ 250 ಪದದೊಳಗಿನ ಮೂರು, 50 ಪದದ ಐದು ಕೇಳಿತ್ತು. ಉಳಿದ ಏಳು ಕಾಲೇಜಿನ ಸಪ್ಲಿಮೆಂಟ್‌ಗಳು, ಅಂದರೆ ಆಯಾ ಕಾಲೇಜು ಬೇರೆಯಾಗಿ ಕೇಳುವ ಬರಹಗಳು, ಸೇರಿ 13. ಒಟ್ಟು 26! ಅವನ ಅಪ್ಪ ಹಾಳೆಯನ್ನು ಎರಡು ಸಲ ಎಣಿಸಿದರು.

ಇದರಲ್ಲಿ ಇನ್ನೊಂದು ಪೇಚಿದೆ. ಚಿಕ್ಕದು ಬೇಗ ಮುಗಿಯುತ್ತದೆ ಅಂದುಕೊಳ್ಳಬೇಡಿ. 50 ಪದದಲ್ಲಿ ಪೀಠಿಕೆ ಹಾಕುವಷ್ಟರಲ್ಲಿ ಜಾಗವೇ ಮುಗಿದಿರುತ್ತದೆ. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳ ಪಟ್ಟಿ ಅಂತ ಇದೆ, 10 ಚಟುವಟಿಕೆ, ಒಂದೊಂದರ ವಿವರಣೆಗೆ 150 ಅಕ್ಷರ. ಪದ ಅಲ್ಲ, ಅಕ್ಷರ, ಮಧ್ಯದ ಖಾಲಿ ಜಾಗವೂ ಲೆಕ್ಕಕ್ಕೆ. ಅದನ್ನು ಎಸ್ಸೇ ಅಂತ ಯಾರೂ ಎಣಿಸುವುದಿಲ್ಲ, ಆದರೆ ಒಂದಿಡೀ ಶನಿವಾರ-ಭಾನುವಾರ ತಿಂದುಹಾಕುತ್ತದೆ.

ಮುಖ್ಯ ಎಸ್ಸೇಗೆ ಎಷ್ಟು ಹೊತ್ತು ಬೇಕು? ಕೂತು ಕೆಲಸ ಮಾಡುವ ಹೊತ್ತು 12ರಿಂದ 15 ಗಂಟೆ, ಇದು ನನ್ನ ಅನುಭವದ ಅಂದಾಜು. ಆದರೆ ಆ 15 ಗಂಟೆಯನ್ನು ಎರಡು ದಿನಕ್ಕೆ ತುರುಕಿದರೆ ಕೆಲಸ ಕೆಡುತ್ತದೆ, ಆರು ವಾರಕ್ಕೆ ಹಂಚಿದರೆ ಮಾತ್ರ ಏನಾದರೂ ಸಿಗುತ್ತದೆ. ಯಾಕೆ ಅಂತ ಒಂದು ಹುಡುಗಿಯ ಕಥೆ ಹೇಳಿದರೆ ಗೊತ್ತಾಗುತ್ತದೆ. ಅವಳು ಮೊದಲು ಬರೆದು ತಂದಿದ್ದು ರೊಬಾಟಿಕ್ಸ್ ಸ್ಪರ್ಧೆ, ಅಲ್ಲಿ ಕಲಿತ ನಾಯಕತ್ವ. ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಎರಡನೇ ಸಲ ತಂದಿದ್ದೂ ಅದೇ, ಪದಗಳು ಮಾತ್ರ ಇನ್ನಷ್ಟು ದಪ್ಪ. ಮೂರನೇ ವಾರ ನಾನು ಪೆನ್ನು ಕಿತ್ತಿಟ್ಟು, ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿ, ಸುಮ್ನೆ ಮಾತಾಡು, ಕನ್ನಡದಲ್ಲೇ ಮಾತಾಡು ಅಂದೆ. ರಜೆಯಲ್ಲಿ ಊರಿಗೆ ಹೋದಾಗ ತಾತನ ಅಂಗಡಿಯ ಲೆಕ್ಕದ ಪುಸ್ತಕ ಕೂಡಿಸಿಕೊಡುತ್ತಿದ್ದಳಂತೆ. ಒಂದು ವರ್ಷ ತಾತನ ಕೂಡುವಿಕೆಯಲ್ಲಿ ತಪ್ಪು ಜಾಸ್ತಿಯಾಗುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಅವರಿಗೆ ಹೇಳಲಿಲ್ಲ, ರಾತ್ರಿ ಎದ್ದು ಪೆನ್ಸಿಲ್‌ನಲ್ಲಿ ಸರಿಮಾಡಿ ಮಲಗುತ್ತಿದ್ದಳು. "ಇದೆಲ್ಲ ಬರೀಬಹುದಾ ಮೇಡಂ?" ಅಂದಳು. ಅದನ್ನೇ ಅಲ್ವಾ ಬರೀಬೇಕಾಗಿದ್ದು! ಅದು ಮೊದಲ ವಾರ ಬರುತ್ತಲೇ ಇರಲಿಲ್ಲ. ರೊಬಾಟಿಕ್ಸ್ ಎರಡು ಸಲ ಸೋತ ಮೇಲೆಯೇ ಅವಳು ಬಾಯಿ ಬಿಟ್ಟಿದ್ದು.

ಹಾಗಾಗಿ ಮೊದಲ ಹತ್ತು ದಿನ ಬರೆಯುವ ಕೆಲಸವೇ ಇಟ್ಟುಕೊಳ್ಳಬೇಡಿ ಅನ್ನುತ್ತೇನೆ, ಮಾತಾಡಿ, ನೆನಪು ಗೀಚಿಡಿ. ಆಮೇಲೆ ಡ್ರಾಫ್ಟ್, 900 ಪದ ಆದರೂ ಪರವಾಗಿಲ್ಲ. ಆಮೇಲೆ ನಾಲ್ಕೈದು ದಿನ ಅದರ ಮುಖ ನೋಡಬಾರದು. ಮತ್ತೆ ತೆಗೆದು ಗಟ್ಟಿಯಾಗಿ ಓದಿದರೆ ಎಲ್ಲಿ ಸುಳ್ಳು ಹೇಳಿದ್ದೀವಿ ಅಂತ ನಮ್ಮ ಕಿವಿಗೇ ಬೀಳುತ್ತದೆ. ಓದಿ ಹೇಳುವವರು ಇಬ್ಬರು ಸಾಕು. ನ್ಯೂಜೆರ್ಸಿಯ ಚಿಕ್ಕಪ್ಪ, ಐಐಟಿ ಓದಿದ ಅಣ್ಣ, ಇಂಗ್ಲಿಷ್ ಮೇಷ್ಟ್ರು, ಕೊನೆಗೆ ಅಪ್ಪ, ಹೀಗೆ ಎಲ್ಲರೂ ಕೈಹಾಕಿದರೆ ಒಬ್ಬೊಬ್ಬರಿಗೂ ಒಂದೊಂದು ವಾರ ಹೋಗುತ್ತದೆ, ಕೊನೆಯಲ್ಲಿ ಉಳಿಯುವುದು 17ರ ಹುಡುಗಿಯ ದನಿಯಲ್ಲ, 45ರವರ ಆಫೀಸ್ ಮೇಲ್.

ಈಗ ಕ್ಯಾಲೆಂಡರ್. ಕಾಮನ್ ಆ್ಯಪ್‌ನ ಹೊಸ ಅರ್ಜಿ ತೆರೆಯುವುದು ಆಗಸ್ಟ್ 1ಕ್ಕೆ, ಆದರೆ ಮುಖ್ಯ ಎಸ್ಸೇಯ ಪ್ರಶ್ನೆಗಳು ಎಷ್ಟೋ ತಿಂಗಳ ಮೊದಲೇ ಗೊತ್ತಿರುತ್ತವೆ. ಅದಕ್ಕೆ ಬೇಸಿಗೆ ರಜೆಯೇ ಸರಿ. ಆಗಸ್ಟ್ ಬರುವಷ್ಟರಲ್ಲಿ ಅದು ಮುಗಿದಿರಬೇಕು, ಶಿಫಾರಸು ಪತ್ರ ಬರೆಯುವ ಟೀಚರ್‌ಗಳಿಗೂ ಹೇಳಿ ಆಗಿರಬೇಕು. ಆಮೇಲೆ ಹಬ್ಬ, ಮಧ್ಯಾವಧಿ ಪರೀಕ್ಷೆ, ಟ್ಯೂಷನ್, ಪ್ರಾಕ್ಟಿಕಲ್ ರೆಕಾರ್ಡ್. ನಮ್ಮ ಮಕ್ಕಳಿಗೆ ಮಧ್ಯದಲ್ಲಿ ಒಟ್ಟಿಗೆ ಸಿಗುವ ಬಿಡುವು ದಸರಾ ರಜೆ ಒಂದೇ. ಮೈಸೂರಿಗೆ ಹೋಗಬೇಡಿ ಅಂತ ನಾನು ಹೇಳಲ್ಲ, ಲ್ಯಾಪ್‌ಟಾಪ್ ತಗೊಂಡು ಹೋಗಿ ಅಷ್ಟೆ.

ಬಹಳಷ್ಟು ಕಾಲೇಜುಗಳ 'ಅರ್ಲಿ' ಅರ್ಜಿಯ, ಅಂದರೆ ಮಾಮೂಲಿಗಿಂತ ಮೊದಲೇ ಹಾಕಿ ಮೊದಲೇ ಫಲಿತಾಂಶ ಪಡೆಯುವ ಅರ್ಜಿಯ, ಕೊನೆ ದಿನ ನವೆಂಬರ್ 1. ನಮಗೆ ಅದು ರಾಜ್ಯೋತ್ಸವ. ಶಾಲೆಯಲ್ಲಿ ಬಾವುಟ ಹಾರಿಸಿ ಸಿಹಿ ಹಂಚುತ್ತಾರೆ, ಅಂಕಪಟ್ಟಿ ಅಪ್‌ಲೋಡ್ ಮಾಡೋಕೆ ಯಾರೂ ಕೂತಿರುವುದಿಲ್ಲ. 2024ರಲ್ಲಂತೂ ಅಕ್ಟೋಬರ್ 31 ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ, 2ಕ್ಕೆ ಬಲಿಪಾಡ್ಯಮಿ, 3 ಭಾನುವಾರ. ಪಟಾಕಿ ಸದ್ದಿನ ಮಧ್ಯೆ ನನ್ನ ಫೋನ್ ಬಡಿದುಕೊಂಡಿದ್ದು ನೆನಪಿದೆ. ಅದಾದ ಮೇಲೆ ನಾನು ಮಕ್ಕಳಿಗೆ ಕೊಡುವ ಕೊನೆ ದಿನ ಅಕ್ಟೋಬರ್ 25.

"ಅಲ್ಲಿ ಇನ್ನೂ ಬೆಳಗ್ಗೆ ಅಲ್ವಾ, ಟೈಮ್ ಇದೆ" ಅನ್ನುವ ಧೈರ್ಯವೂ ಬೇಡ. ಕಾಮನ್ ಆ್ಯಪ್‌ಗೆ ಲೆಕ್ಕ ಅರ್ಜಿ ಹಾಕುವವರ ಊರಿನ ಗಡಿಯಾರ, ಅಂದರೆ ನಮ್ಮ ರಾತ್ರಿ 11:59. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿಗೆ ಮಾತ್ರ ಅವರ ಗಡಿಯಾರ. ಕೊನೆ ದಿನ ನವೆಂಬರ್ 30 ಆದರೆ ನಮಗೆ ಮರುದಿನ ಮಧ್ಯಾಹ್ನ 1:29ರವರೆಗೆ ಸಿಗುತ್ತದೆ. ಸಿಗುತ್ತದೆ ಅಂತ ಕಾಯಬೇಡಿ, ಸೈಟ್ ಕೈಕೊಟ್ಟರೆ ಯಾರನ್ನು ಕೇಳ್ತೀರಿ?

26ನ್ನೂ ಹೊಸದಾಗಿ ಬರೆಯಬೇಕಿಲ್ಲ. ನಿಮ್ಮ ಸಮುದಾಯ, ಒಂದು ಚಟುವಟಿಕೆ, ಯಾಕೆ ಈ ವಿಷಯ, ಈ ಮೂರು ಪ್ರಶ್ನೆಗಳು ವೇಷ ಬದಲಿಸಿಕೊಂಡು ಎಲ್ಲ ಕಡೆ ಬರುತ್ತವೆ, ಒಂದು ಬರಹ ಸ್ವಲ್ಪ ತಿದ್ದಿದರೆ ಮೂರು ಕಡೆ ಕೂರುತ್ತದೆ. 'ಯಾಕೆ ನಮ್ಮ ಕಾಲೇಜು' ಅನ್ನೋದು ಮಾತ್ರ ಹಾಗಲ್ಲ. ಅದಕ್ಕೆ ಆ ಕಾಲೇಜಿನ ಕೋರ್ಸ್ ಪಟ್ಟಿ ಓದಲೇಬೇಕು, ಒಂದೊಂದಕ್ಕೆ ಎರಡು ಸಂಜೆ ಇಡಿ.

ಎಲ್ಲಕ್ಕಿಂತ ಜಾಸ್ತಿ ಮಕ್ಕಳು ಎಡವುವುದು ಡಿಸೆಂಬರ್‌ನಲ್ಲಿ. ಅರ್ಲಿ ಅರ್ಜಿ ಕಳಿಸಿ ಉಸಿರು ಬಿಡುತ್ತಾರೆ. ಫಲಿತಾಂಶ ಡಿಸೆಂಬರ್ ಮಧ್ಯಕ್ಕೆ. ಸಿಕ್ಕರೆ ಉಳಿದದ್ದು ಬೇಕಾಗಲ್ಲ, ಈಗಲೇ ಯಾಕೆ ಬರೀಬೇಕು ಅಂತ ಕಾಯುತ್ತಾರೆ. ಸಿಗಲಿಲ್ಲ ಅಂದರೆ ಜನವರಿ ಮೊದಲ ವಾರದೊಳಗೆ ಹತ್ತು ಹನ್ನೆರಡು ಬರಹ, ಅದೂ ಅತ್ತು ಕಣ್ಣು ಊದಿಸಿಕೊಂಡು, ಪ್ರಿಪರೇಟರಿ ಪರೀಕ್ಷೆ ಬಾಗಿಲಲ್ಲಿ ನಿಂತಿರುವಾಗ. ಬೇಡಪ್ಪ ಬೇಡ. ಉಳಿದದ್ದೆಲ್ಲ ನವೆಂಬರ್‌ನಲ್ಲೇ ಮುಗಿಸಿ ಅಂತ ಹಟ ಹಿಡಿಯುತ್ತೇನೆ.

ಆ 26ರ ಹುಡುಗನ ಹತ್ತಿರವೂ ಹಾಗೇ ಬರೆಸಿದ್ದೆ. ಗೊಣಗಿಕೊಂಡೇ ಬರೆದ. ಡಿಸೆಂಬರ್‌ನಲ್ಲಿ ಅವನಿಗೆ ಅರ್ಲಿಯಲ್ಲೇ ಸೀಟು ಸಿಕ್ಕಿತು. ಅವನಮ್ಮ ಸ್ವೀಟ್ ಡಬ್ಬಿ ಹಿಡಿದು ಬಂದು, ಖುಷಿಯೆಲ್ಲ ಹೇಳಿಕೊಂಡು, ಹೊರಡುವಾಗ ಕೇಳಿದರು: "ಹಾಗಾದ್ರೆ ಆ ಉಳಿದ ಎಸ್ಸೇಗಳೆಲ್ಲ ವೇಸ್ಟ್ ಆಯ್ತಲ್ವಾ ಮೇಡಂ?"

"ಹೌದು," ಅಂದೆ. "ಪೂರ್ತಿ ವೇಸ್ಟು."